ಬಸ್ಸಿನಡಿ ಕಾಣುವ ಕಾಲು: ಚಾಲಕರ ಅಪಾಯಪ್ರಜ್ಞೆ ಅಳೆಯುವ ಬಗೆ

ನಿಲ್ದಾಣದಲ್ಲಿ ಲೈನ್ ಬಸ್ಸೊಂದು ನಿಂತಿದೆ. ಹಿಂದಿನಿಂದ ಶಾಲೆಯ ವ್ಯಾನು ಬರುತ್ತಿದೆ. ಬಸ್ಸಿನ ಅಡಿಯಲ್ಲಿ, ಮುಂದಿನ ಚಕ್ರದ ಆಚೆ, ಎರಡು ಪುಟ್ಟ ಕಾಲುಗಳು ಕಾಣುತ್ತವೆ. ಕೆಂಪು ಮಣ್ಣು ಮೆತ್ತಿದ ಹವಾಯಿ ಚಪ್ಪಲಿ, ಬಲಕ್ಕೆ ಹೆಜ್ಜೆ. ಒಬ್ಬ ಚಾಲಕರು ಆಗಲೇ ಎಕ್ಸಲೇಟರಿನಿಂದ ಕಾಲೆತ್ತುತ್ತಾರೆ. ಇನ್ನೊಬ್ಬರು ಮಗು ಬಸ್ಸಿನ ಮೂತಿ ದಾಟಿ ರಸ್ತೆಗೆ ಬಂದ ಮೇಲೆ ಬ್ರೇಕ್ ತುಳಿಯುತ್ತಾರೆ. ಇಬ್ಬರಿಗೂ ಲೈಸೆನ್ಸ್ ಇದೆ, ಇಬ್ಬರೂ ಮೈದಾನದಲ್ಲಿ ‘ಎಚ್’ ಅಕ್ಷರದಂತೆ ಗಾಡಿ ಓಡಿಸಿ ತೋರಿಸಿಯೇ ಪಾಸಾದವರು. ಇಬ್ಬರ ಕೈಕಾಲಿನ ಹಿಡಿತದಲ್ಲೂ ಕೊರತೆಯಿಲ್ಲ. ವ್ಯತ್ಯಾಸ ಇರುವುದು ಎರಡು ಸೆಕೆಂಡಿನಲ್ಲಿ.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಎಂದರೆ 22 ಮೀಟರ್, 60ರಲ್ಲಿ 33 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಗ 60ರ ವೇಗದ ಗಾಡಿ ಒಣ ಡಾಂಬರಿನ ಮೇಲೆ ನಿಲ್ಲುವಷ್ಟರಲ್ಲಿ ಸುಮಾರು 45 ಮೀಟರ್ ಹೋಗಿರುತ್ತದೆ: 25 ಮೀಟರ್ ಬ್ರೇಕ್ ತುಳಿಯುವ ಮೊದಲು, 20 ಮೀಟರ್ ತುಳಿದ ಮೇಲೆ. ಆಟಿ ತಿಂಗಳ ಮಳೆಯಲ್ಲಿ ನೆನೆದ ರಸ್ತೆಯಾದರೆ ಅದೇ 60 ಮೀಟರಿನಷ್ಟಾಗುತ್ತದೆ. ಏರ್ ಬ್ರೇಕಿನ ಬಸ್ಸು, ಲಾರಿಗಳಲ್ಲಿ ಪೆಡಲ್ ಒತ್ತಿದ ಮೇಲೆ ಗಾಳಿಯ ಒತ್ತಡ ಚಕ್ರದವರೆಗೆ ಮುಟ್ಟಲು ಇನ್ನೂ ಸ್ವಲ್ಪ ಹೊತ್ತು ಬೇಕು. ಒಳ್ಳೆಯ ಬ್ರೇಕ್, ಹೊಸ ಟಯರ್ ಎಲ್ಲ ಇದ್ದರೂ ತಡವಾಗಿ ಕಂಡದ್ದನ್ನು ಅವು ತುಂಬಿಕೊಡಲಾರವು.

ಈ ‘ಮೊದಲೇ ಕಾಣುವ’ ಶಕ್ತಿಯನ್ನು ಅಳೆಯಬಹುದು. ಬ್ರಿಟನ್ನಿನಲ್ಲಿ 2002ರ ನವೆಂಬರಿನಿಂದ ಲೈಸೆನ್ಸಿನ ಲಿಖಿತ ಪರೀಕ್ಷೆಯ ಜೊತೆಗೇ ಇದನ್ನು ಅಳೆಯುತ್ತಿದ್ದಾರೆ. ಅಲ್ಲಿ 14 ವಿಡಿಯೊ ತೋರಿಸುತ್ತಾರೆ, ಒಂದರಲ್ಲಿ ಎರಡು ಅಪಾಯ, ಉಳಿದವುಗಳಲ್ಲಿ ಒಂದೊಂದು. ಅಪಾಯ ಬೆಳೆಯುತ್ತಿರುವುದು ಕಂಡ ಕೂಡಲೇ ಗುಂಡಿ ಒತ್ತಬೇಕು. ಬೇಗ ಒತ್ತಿದರೆ 5 ಅಂಕ, ತಡವಾದಷ್ಟೂ ಕಡಿಮೆ, ಒಟ್ಟು 75ರಲ್ಲಿ ಕಾರಿನವರಿಗೆ 44 ಬಂದರೆ ಪಾಸು. ನಮ್ಮಲ್ಲಿ ಅಂಥದ್ದು ಬರಲಿ ಎಂದು ಕಾಯಬೇಕಾಗಿಲ್ಲ. ಶಾಲೆಯ ವ್ಯಾನಿನ ಉಸ್ತುವಾರಿ ನೋಡುವವರು, ಎರಡು ಮೂರು ಬಸ್ಸು ಇಟ್ಟುಕೊಂಡವರು, ಡ್ರೈವಿಂಗ್ ಸ್ಕೂಲಿನವರು, ಹಾಲಿನ ಗಾಡಿ ಓಡಿಸುವ ಸಂಘದವರು, ಯಾರೇ ಆಗಲಿ ಒಂದು ಟಿ.ವಿ., ಎರಡು ಫೋನು, ಒಂದು ನೋಟ್‌ಬುಕ್ಕಿನಲ್ಲಿ ಇದನ್ನು ಮಾಡಬಹುದು. ಪರೀಕ್ಷೆ ಮೂರು: ಟಿ.ವಿ.ಯಲ್ಲಿ ವಿಡಿಯೊ ಕ್ಲಿಪ್ ನೋಡುತ್ತಾ ಅಪಾಯ ಕಂಡ ಕೂಡಲೇ ಮೇಜು ತಟ್ಟುವುದು, ಪರದೆ ಕಪ್ಪಾದ ಮೇಲೆ ಮುಂದೇನಾಗುತ್ತದೆಂದು ಹೇಳುವುದು, ಕೊನೆಗೆ ರಸ್ತೆಯಲ್ಲಿ ಓಡಿಸಿ ತೋರಿಸುವುದು. ಒಬ್ಬ ಚಾಲಕರಿಗೆ ಒಂದೂವರೆ ಗಂಟೆ ಸಾಕು. ಕ್ಲಿಪ್‌ಗಳನ್ನು ಸಿದ್ಧ ಮಾಡುವುದಕ್ಕೆ ಮಾತ್ರ ಎರಡು ವಾರದ ಕೆಲಸವಿದೆ, ಅದನ್ನು ಅವಸರ ಮಾಡಬಾರದು.

ಕಣ್ಣು ಮೊದಲು

ಚಾಲಕರನ್ನು ಕೂರಿಸುವ ಮೊದಲು ಅಂಗಳಕ್ಕೆ ಕರೆದುಕೊಂಡು ಹೋಗಿ, 25 ಮೀಟರ್ ದೂರದಲ್ಲಿ ಕಾರೊಂದನ್ನು ನಿಲ್ಲಿಸಿ, ಹಗಲು ಬೆಳಕಿನಲ್ಲಿ ನಂಬರ್ ಪ್ಲೇಟ್ ಓದಿಸಿ. ಲೈಸೆನ್ಸಿನ ಅರ್ಜಿಯ ಜೊತೆ ಕೊಡುವ ಫಾರ್ಮ್ 1ರಲ್ಲಿ ಕೇಳುವ ದೂರವೇ ಇದು. ಒಂದೊಂದು ಕಣ್ಣನ್ನೂ ಮುಚ್ಚಿಸಿ ಬೇರೆ ಬೇರೆಯಾಗಿ ಓದಿಸಬೇಕು. ಓದಲು ತಡವರಿಸಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿ. ನಲವತ್ತು ದಾಟಿದ ಚಾಲಕರಲ್ಲಿ ಕನ್ನಡಕದ ಅಗತ್ಯ ಮುಚ್ಚಿಟ್ಟುಕೊಂಡು ಓಡಿಸುವವರು ಇರುತ್ತಾರೆ, ಕೆಲಸ ಹೋದೀತೆಂಬ ಹೆದರಿಕೆ. ಕಣ್ಣಿನ ದೋಷವನ್ನು ಬುದ್ಧಿಯ ದೋಷ ಎಂದು ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಕ್ಲಿಪ್ ಕೂಡಿಸುವುದು

ವಿದೇಶದ ವಿಡಿಯೊಗಳು ನಮಗೆ ಆಗುವುದಿಲ್ಲ. ಅಲ್ಲಿನ ಗೆರೆ ಎಳೆದ ರಸ್ತೆಯಲ್ಲಿ ಅಪಾಯ ಹುಟ್ಟುವ ರೀತಿ ಬೇರೆ, ನಮ್ಮ ಕಾಸರಗೋಡಿನ ಪೆರ್ಲದ ಇಳಿಜಾರಿನಲ್ಲಿ ಹುಟ್ಟುವ ರೀತಿ ಬೇರೆ. ಚಾಲಕರು ದಿನಾ ಓಡಾಡುವ ರಸ್ತೆಯಲ್ಲೇ ಚಿತ್ರ ತೆಗೆಯಿರಿ. ಡ್ಯಾಶ್‌ಕ್ಯಾಮ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನನ್ನು ಗಟ್ಟಿ ಹೋಲ್ಡರಿನಲ್ಲಿ ಚಾಲಕರ ಕಣ್ಣಿನ ಮಟ್ಟಕ್ಕೆ, ಒಳಗಿನ ಕನ್ನಡಿಯ ಪಕ್ಕದಲ್ಲಿ, ಅಡ್ಡಡ್ಡ ನಿಲ್ಲಿಸಿ. ಗಾಡಿ ಹೊರಡುವ ಮೊದಲೇ ರೆಕಾರ್ಡಿಂಗ್ ಒತ್ತಬೇಕು, ಓಡಿಸುವವರು ಮತ್ತೆ ಅದನ್ನು ಮುಟ್ಟಬಾರದು. ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ತೀರಾ ಕೆಳಗೆ ಇಟ್ಟರೆ ಬಾನೆಟ್ಟೇ ಅರ್ಧ ಚಿತ್ರ ತುಂಬುತ್ತದೆ, ದೂರದ ರಸ್ತೆ ಸಿಗುವುದಿಲ್ಲ. ವೈಪರ್ ತಾಗದ ಜಾಗದಲ್ಲಿ ಲೆನ್ಸ್ ಇದ್ದರೆ ಮಳೆಯ ಚಿತ್ರ ಪೂರಾ ಹಾಳು.

ಬೆಳಗ್ಗೆ ಮದ್ರಸಕ್ಕೆ ಮಕ್ಕಳು ಹೋಗುವ ಹೊತ್ತು, ಶಾಲೆ ಬಿಡುವ ಹೊತ್ತು, ಮುಸ್ಸಂಜೆ, ಜಡಿಮಳೆ, ಕೋಲ, ಯಕ್ಷಗಾನ, ಉರೂಸ್ ಮುಗಿಸಿ ಜನ ಹಿಂತಿರುಗುವ ರಾತ್ರಿ: ಈ ಐದು ಹೊತ್ತಿನವೂ ಇರಲಿ. ಒಂದು ವಾರ ರೆಕಾರ್ಡ್ ಮಾಡಿದರೆ ಆರಿಸಲು ಬೇಕಾದಷ್ಟು ಸಿಗುತ್ತದೆ. ಒಂದೊಂದು ಕ್ಲಿಪ್ 30ರಿಂದ 60 ಸೆಕೆಂಡ್. ಮುಖ, ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಕಡೆ ಮಸುಕು ಮಾಡಿ. ಈ ಕ್ಲಿಪ್‌ಗಳು ಪರೀಕ್ಷೆಯ ಕೋಣೆಯಿಂದ ಹೊರಗೆ, ವಾಟ್ಸಾಪ್ ಗುಂಪುಗಳಿಗೆ ಹೋಗಬಾರದು. ಅದು ಇತರರ ಮರ್ಯಾದೆಯ ಪ್ರಶ್ನೆ, ಜೊತೆಗೆ ಎಲ್ಲರೂ ಮೊದಲೇ ನೋಡಿಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲ.

ಆಯ್ಕೆಯಲ್ಲಿ ಒಂದೇ ನಿಯಮವನ್ನು ಬಿಗಿಯಾಗಿ ಹಿಡಿಯಬೇಕು: ಅಪಾಯಕ್ಕೆ ಮೊದಲು ಕನಿಷ್ಠ ಎರಡು ಮೂರು ಸೆಕೆಂಡಿನ ಸುಳಿವು ಇರಬೇಕು. ಪೊದೆಯಿಂದ ಹಂದಿ ಥಟ್ಟನೆ ನೆಗೆದ ಕ್ಲಿಪ್ ನೋಡುವುದಕ್ಕೆ ಮೈ ಜುಮ್ಮೆನಿಸುತ್ತದೆ, ಆದರೆ ಪರೀಕ್ಷೆಗೆ ಬೇಡ. ಅದು ಅಳೆಯುವುದು ಬೆಚ್ಚಿಬೀಳುವ ವೇಗವನ್ನು. ಆ ವೇಗ ಹದಿನೆಂಟರ ಹುಡುಗನಿಗೆ ಚೆನ್ನಾಗಿಯೇ ಇರುತ್ತದೆ, ಆದರೂ ಹೆಚ್ಚು ಅಪಘಾತಕ್ಕೆ ಸಿಲುಕುವವನು ಅವನೇ. ನಾವು ಹುಡುಕುವುದು ಸುಳಿವನ್ನು ಓದುವ ಬುದ್ಧಿಯನ್ನು.

ಸುಳಿವು ಎಂಥದ್ದು? ಕಾಸರಗೋಡಿನ ರಸ್ತೆಗಳಲ್ಲಿ ಅದಕ್ಕೆ ಬರಗಾಲವಿಲ್ಲ. ಚೆರ್ಕಳ–ಕಲ್ಲಡ್ಕ ರಸ್ತೆಯಂಥ ಗುಡ್ಡದ ದಾರಿಗಳಲ್ಲಿ ತಿರುವಿನ ಒಳಬದಿಗೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಎದ್ದು ನಿಂತು ಎದುರಿನ ಗಾಡಿಯನ್ನು ಮುಚ್ಚುತ್ತದೆ, ಆದರೆ ಎದುರಿನ ಲಾರಿಯ ಹಾರ್ನೋ, ರಾತ್ರಿಯಾದರೆ ಅಡಿಕೆ ಮರಗಳ ಮೇಲೆ ಓಡುವ ಬೆಳಕೋ ಮೊದಲೇ ತಿಳಿಸುತ್ತದೆ. ಕೆಂಪುಕಲ್ಲು ಹೇರಿದ ಲಾರಿ ಏರಿನಲ್ಲಿ ಕಪ್ಪು ಹೊಗೆ ಬಿಟ್ಟು ಏದುಸಿರಿಡುತ್ತಿದ್ದರೆ, ಅದರ ಹಿಂದಿರುವ ಬೈಕು ಇನ್ನೇನು ಬಲಕ್ಕೆ ಇಣುಕಲಿದೆ. ಗುಡ್ಡದ ಮನೆಗಳಿಂದ ಕಾಂಕ್ರೀಟ್ ದಾರಿ ನೇರ ರಸ್ತೆಗೆ ಇಳಿಯುವ ಕಡೆ ಸ್ಕೂಟರುಗಳು ಇಂಜಿನ್ ಆಫ್ ಮಾಡಿ ಜಾರಿಕೊಂಡು ಬರುತ್ತವೆ, ಸದ್ದು ಕೇಳುವುದಿಲ್ಲ. ಆಟೋ ಸ್ಟ್ಯಾಂಡಿನಲ್ಲಿ ಮುಂದಿನ ಚಕ್ರ ಬಲಕ್ಕೆ ತಿರುಗಿ ನಿಂತ ಆಟೋ ಇಂಡಿಕೇಟರ್ ಹಾಕದೆಯೂ ತನ್ನ ಮನಸ್ಸು ಹೇಳುತ್ತದೆ. ಮಳೆಗಾಲದಲ್ಲಿ ಗಾಳಿ ಕಡಲ ಕಡೆಯಿಂದ, ಪಡುವಣದಿಂದ ಬೀಸುವುದರಿಂದ ನಡೆಯುವವರು ಕೊಡೆಯನ್ನು ಪಡುವಣಕ್ಕೆ ವಾಲಿಸಿ ಹಿಡಿಯುತ್ತಾರೆ. ಆ ಬದಿಯಿಂದ ಬರುವ ಗಾಡಿ ಅವರಿಗೆ ಕಾಣುವುದೇ ಇಲ್ಲ. ಕೊಡೆ ವಾಲಿದ ದಿಕ್ಕೇ ಸುಳಿವು. ಕೊಡೆ ಹಿಡಿದ ಮಗು ಕಂಡರೆ ‘ಇವನಿಗೆ ನಾನು ಕಾಣುತ್ತಿಲ್ಲ’ ಎಂದು ಚಾಲಕರು ಅಂದುಕೊಳ್ಳಬೇಕು.

ತಲಪಾಡಿಯಿಂದ ತೆಂಕಣಕ್ಕೆ ಆರು ಪಥದ ರಾಷ್ಟ್ರೀಯ ಹೆದ್ದಾರಿ 66 ಬಂದ ಮೇಲೆ ಬೇರೆ ಬಗೆಯ ಸುಳಿವುಗಳನ್ನು ಕಲಿಯಬೇಕಾಗಿದೆ. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ಸ್ಕೂಟರ್, ಸರ್ವಿಸ್ ರಸ್ತೆಯಿಂದ ಮುಖ್ಯ ರಸ್ತೆಗೆ ಸೇರುವ ಬಾಯಿಯಲ್ಲಿ ತಲೆ ತಿರುಗಿಸದೆ ನುಗ್ಗುವ ಕಾರು, ಅಂಡರ್‌ಪಾಸಿನ ಬಾಯಿಯಲ್ಲಿ ಎರಡೂ ಬದಿಗೆ ಮುಚ್ಚಿದ ಗೋಡೆ, ದೂರ ಸುತ್ತಬೇಕಲ್ಲ ಎಂದು ನಡುವಿನ ತಡೆಗೋಡೆ ಹತ್ತಲು ನೋಡುತ್ತಿರುವ ಮನುಷ್ಯ. ಗುಡ್ಡದ ರಸ್ತೆಯಲ್ಲಿ ನುರಿತವರು ಇಲ್ಲಿ ಎಡವುತ್ತಾರೆ, ಹೆದ್ದಾರಿಯವರು ಅಲ್ಲಿ ಎಡವುತ್ತಾರೆ. ಆದ್ದರಿಂದ ಎರಡೂ ಬಗೆಯ ರಸ್ತೆಯ ಕ್ಲಿಪ್ ಬೇಕು.

ಒಟ್ಟು 22 ಕ್ಲಿಪ್ ಆರಿಸಿ. ಮೊದಲ ಪರೀಕ್ಷೆಗೆ 12: ಹತ್ತರಲ್ಲಿ ಒಂದೊಂದು ಅಪಾಯ, ಎರಡರಲ್ಲಿ ಏನೂ ಇಲ್ಲ. ಖಾಲಿ ಕ್ಲಿಪ್ ಎರಡು ಇರಲೇಬೇಕು, ಸುಮ್ಮನೆ ಊಹಿಸಿ ತಟ್ಟುವವರು ಅದರಲ್ಲೇ ಗೊತ್ತಾಗುವುದು. ಉಳಿದ ಹತ್ತು ಎರಡನೆಯ ಪರೀಕ್ಷೆಗೆ. ವಿಡಿಯೊ ಎಡಿಟ್ ಮಾಡುವ ಯಾವುದಾದರೂ ಆ್ಯಪಿನಲ್ಲಿ ಕ್ಲಿಪ್ಪಿನ ಮೂಲೆಗೆ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ತೋರಿಸುವ ಗಡಿಯಾರ ಸೇರಿಸಿಕೊಳ್ಳಿ.

ಅಂಕದ ಅವಧಿ ಗುರುತಿಸುವುದು

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಪರೀಕ್ಷೆ ಮಾಡುವವರೊಬ್ಬರೇ ಕೂತು ‘ಅಪಾಯ ಇಲ್ಲಿಂದ ಶುರು’ ಎಂದು ತೀರ್ಮಾನಿಸಬಾರದು. ಇದೇ ರಸ್ತೆಗಳಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಓಡಿಸಿ ಅಪಘಾತವಿಲ್ಲದೆ ಬಂದ ಮೂವರು ಚಾಲಕರನ್ನು ಕರೆಯಿರಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ತೋರಿಸಿ, ಮೊದಲ ಸುಳಿವು ಯಾವ ಕ್ಷಣದಲ್ಲಿ ಕಂಡಿತೆಂದು ಕೇಳಿ ಬರೆದುಕೊಳ್ಳಿ. ಮೂವರಲ್ಲಿ ಅತಿ ಬೇಗ ಹೇಳಿದವರ ಸಮಯವೇ ಅವಧಿಯ ಆರಂಭ. ಮೆಲ್ಲಗೆ ಬ್ರೇಕ್ ಹಾಕಿದರೆ ಸಾಕಾಗುವ ಕೊನೆಯ ಕ್ಷಣ ಅವಧಿಯ ಅಂತ್ಯ. ನಡುವಿನ ಕಾಲವನ್ನು ಐದು ಸಮಪಾಲು ಮಾಡಿ 5, 4, 3, 2, 1 ಎಂದು ಅಂಕ ಕೊಡಿ.

ಮೊದಲು ಹೇಳಿದ ಬಸ್ಸಿನ ಕ್ಲಿಪ್ಪನ್ನೇ ತೆಗೆದುಕೊಳ್ಳೋಣ. ಬಸ್ಸಿನಡಿ ಚಪ್ಪಲಿಯ ಕಾಲು ಕಾಣುವುದು 14.2ನೇ ಸೆಕೆಂಡಿಗೆ. ಮೆಲ್ಲಗೆ ನಿಲ್ಲಿಸಬಹುದಾದ ಕೊನೆಯ ಕ್ಷಣ 18.2. ಒಟ್ಟು 4 ಸೆಕೆಂಡ್, ಒಂದೊಂದು ಪಾಲು 0.8. ಹಾಗಾದರೆ 15.0ರೊಳಗೆ ತಟ್ಟಿದವರಿಗೆ 5, 15.8ರೊಳಗೆ 4, 16.6ರೊಳಗೆ 3, 17.4ರೊಳಗೆ 2, 18.2ರೊಳಗೆ 1. ಆಮೇಲೆ ತಟ್ಟಿದರೆ ಸೊನ್ನೆ. ಬಸ್ಸು ನಿಂತಿದೆ ಎಂಬುದಷ್ಟೇ ಸುಳಿವಾಗಿ 11ನೇ ಸೆಕೆಂಡಿಗೇ ತಟ್ಟಿದವರು ಇದ್ದರೆ? ಇಂಥವರಿಗೆ ಸೊನ್ನೆ ಹಾಕುವುದು ಈ ಪರೀಕ್ಷೆಯ ಹಳೆಯ ದೋಷ. ಅತಿ ನುರಿತವರೇ ಇದರಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಪರಿಹಾರ ಸುಲಭ: ತಟ್ಟಿದ ಮೇಲೆ ಏನು ಕಂಡಿತೆಂದು ಬಾಯಲ್ಲಿ ಹೇಳಿಸಿ. ‘ಬಸ್ಸಿನ ಎದುರಿನಿಂದ ಇಳಿದವರು ಅಡ್ಡ ಬರಬಹುದು’ ಎಂದರೆ ಪೂರ್ಣ 5 ಕೊಡಿ, ಮತ್ತು ನಿಮ್ಮ ಅವಧಿಯ ಆರಂಭವನ್ನೇ ಹಿಂದಕ್ಕೆ ಸರಿಸಿ.

ಕೂರಿಸಿ ಪರೀಕ್ಷಿಸುವುದು

32 ಇಂಚಿನ ಟಿ.ವಿ., ಚಾಲಕರಿಂದ ಒಂದೂವರೆ ಮೀಟರ್ ದೂರ. ಫೋನಿನ ಪರದೆಯಲ್ಲಿ ಮಾಡಬೇಡಿ, ಬಸ್ಸಿನಡಿಯ ಕಾಲು ಅದರಲ್ಲಿ ಎಳ್ಳಿನಷ್ಟು ಕಾಣುತ್ತದೆ. ರಾತ್ರಿ ಟ್ರಿಪ್ ಮುಗಿಸಿ ಬಂದವರನ್ನು ಬೆಳಗ್ಗೆ ಕೂರಿಸಬೇಡಿ. ನಿದ್ದೆಗೆಟ್ಟಾಗ ಅಪಾಯಪ್ರಜ್ಞೆ ಮಂಕಾಗುತ್ತದೆ ಎಂಬುದು ನಿಜ, ಅದಕ್ಕೆ ಮದ್ದು ನಿದ್ದೆ. ಒಂದು ಪರೀಕ್ಷೆಯಲ್ಲಿ ಎರಡನ್ನು ಬೆರೆಸಿದರೆ ಯಾವುದು ಎಷ್ಟೆಂದು ತಿಳಿಯುವುದಿಲ್ಲ.

ತಟ್ಟಿದ ಸಮಯ ಹಿಡಿಯಲು ಯಂತ್ರ ಬೇಡ. ಚಾಲಕರು ಒಂದು ನಾಣ್ಯದಿಂದ ಮೇಜನ್ನು ತಟ್ಟಲಿ. ಅವರ ಹಿಂದೆ ಇನ್ನೊಂದು ಫೋನನ್ನು ಸ್ಟ್ಯಾಂಡಿನಲ್ಲಿಟ್ಟು ಟಿ.ವಿ. ಪರದೆಯನ್ನೂ ಸದ್ದನ್ನೂ ರೆಕಾರ್ಡ್ ಮಾಡಿ. ಆಮೇಲೆ ನಿಧಾನಗತಿಯಲ್ಲಿ ಹಾಕಿ ನೋಡಿದರೆ ಟಕ್ ಎಂದ ಕ್ಷಣದಲ್ಲಿ ಮೂಲೆಯ ಗಡಿಯಾರ ಎಷ್ಟು ತೋರಿಸುತ್ತಿತ್ತೆಂದು ಓದಿಕೊಳ್ಳಬಹುದು.

ಸೂಚನೆಯ ಮಾತು ಬಹಳ ಮುಖ್ಯ. ‘ಅಪಾಯ ಕಂಡರೆ ತಟ್ಟಿ’ ಎಂದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಬಸ್ಸು ಓಡಿಸಿದವರಿಗೆ ‘ಇದೆಂತ ಅಪಾಯ, ನಾನು ಸುಧಾರಿಸಿಕೊಳ್ಳುತ್ತೇನೆ’ ಎನ್ನಿಸಿ ಕೈ ಏಳುವುದೇ ಇಲ್ಲ. ಹೀಗೆ ಹೇಳಿ: “ನಿಮ್ಮದೇ ಗಾಡಿ ಅಂತ ತಿಳ್ಕೊಳ್ಳಿ. ಸ್ಪೀಡ್ ಕಮ್ಮಿ ಮಾಡ್ಬೇಕಾದೀತು, ಅಲ್ಲ ಬದಿಗೆ ತಗೊಳ್ಬೇಕಾದೀತು ಅಂತ ಕಂಡ ಕೂಡ್ಲೇ ತಟ್ಟಿ. ಎಂತಕ್ಕೆ ತಟ್ಟಿದ್ದು ಅಂತ ಹೇಳಿ.” ಎಲ್ಲರಿಗೂ ಇದೇ ಮಾತು, ಒಂದಕ್ಷರ ಆಚೀಚೆ ಬೇಡ. ಮೊದಲು ಆ 22ರಲ್ಲಿ ಸೇರದ, ಅಂಕವಿಲ್ಲದ ಎರಡು ಕ್ಲಿಪ್ ತೋರಿಸಿ ಅಭ್ಯಾಸ ಮಾಡಿಸಿ.

ಭಾಷೆಯ ವಿಷಯ ಇಲ್ಲಿ ಬರುತ್ತದೆ, ಮತ್ತು ಕಾಸರಗೋಡಿನಲ್ಲಿ ಇದನ್ನು ಕಡೆಗಣಿಸಿದರೆ ಪರೀಕ್ಷೆಯೇ ಅನ್ಯಾಯವಾಗುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸ್ಟ್ಯಾಂಡಿನಲ್ಲಿ ಮಲಯಾಳ ಆಡುವ ಚಾಲಕರಿದ್ದಾರೆ. ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನವರಿದ್ದಾರೆ. ಓದಿ ಉತ್ತರ ಬರೆಯಿರಿ ಎಂದರೆ ನಾವು ಅಳೆಯುವುದು ಅವರ ಓದನ್ನು. ಆದ್ದರಿಂದ ಬರಹ ಬೇಡವೇ ಬೇಡ, ಯಾವ ಭಾಷೆಯಲ್ಲಿ ಬಾಯಿ ಓಡುತ್ತದೋ ಅದರಲ್ಲೇ ಹೇಳಲಿ. ನಿಮಗೆ ಆ ಭಾಷೆ ಬಾರದಿದ್ದರೆ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಾತು ತಡವರಿಸಿದರೆ ಬೆರಳಿನಿಂದ ಪರದೆಯ ಮೇಲೆ ತೋರಿಸಲಿ, ಅದೂ ಉತ್ತರವೇ.

ಕೆಲಸದ ಹೆದರಿಕೆಯಿಂದ ಕೆಲವರು ಟಕಟಕ ತಟ್ಟುತ್ತಲೇ ಇರುತ್ತಾರೆ. ಒಂದು ಕ್ಲಿಪ್ಪಿನಲ್ಲಿ ಕಾರಣ ಹೇಳಲಾಗದ ತಟ್ಟು ಮೂರು ದಾಟಿದರೆ ಆ ಕ್ಲಿಪ್ಪಿಗೆ ಸೊನ್ನೆ ಎಂದು ಮೊದಲೇ ತಿಳಿಸಿಬಿಡಿ. ಬ್ರಿಟನ್ನಿನ ಪರೀಕ್ಷೆಯಲ್ಲೂ ಒಂದೇ ಸಮನೆ ಗುಂಡಿ ಒತ್ತಿದವರಿಗೆ ಆ ವಿಡಿಯೊಗೆ ಅಂಕವಿಲ್ಲ.

ಮುಂದೆ ಎಂತ ಆಗ್ತದೆ?

ಎರಡನೆಯ ಪರೀಕ್ಷೆಯಲ್ಲಿ ಗಡಿಯಾರವೇ ಇಲ್ಲ. ಕ್ಲಿಪ್ ಓಡುತ್ತಿರುವಾಗ, ಸುಳಿವು ಕಂಡು ಇನ್ನೂ ಘಟನೆ ಶುರುವಾಗದ ಕ್ಷಣದಲ್ಲಿ, ಪರದೆ ಪೂರ್ತಿ ಕಪ್ಪಾಗಬೇಕು. ಚಿತ್ರವನ್ನು ಹಾಗೆಯೇ ನಿಲ್ಲಿಸಿದರೆ ಚಾಲಕರು ಸಾವಕಾಶವಾಗಿ ಮೂಲೆ ಮೂಲೆ ಹುಡುಕಿ ಉತ್ತರ ಕಂಡುಹಿಡಿಯುತ್ತಾರೆ. ರಸ್ತೆ ಅಷ್ಟು ಸಮಯ ಕೊಡುವುದಿಲ್ಲ. ಕಪ್ಪಾದ ಮೇಲೆ ಮೂರು ಪ್ರಶ್ನೆ: ಅಪಾಯ ಯಾವುದರಿಂದ? ಅದು ಎಲ್ಲಿತ್ತು? ಮುಂದೆ ಎಂತ ಆಗ್ತದೆ? ಒಂದೊಂದಕ್ಕೆ 1 ಅಂಕ. ಹತ್ತು ಕ್ಲಿಪ್ಪಿಗೆ 30.

ನಿಜ ಹೇಳಬೇಕೆಂದರೆ, ಸಮಯವಿಲ್ಲದೆ ಒಂದೇ ಪರೀಕ್ಷೆ ಮಾಡಬೇಕಾದರೆ ಇದನ್ನೇ ಮಾಡಿ. ತಯಾರಿ ಕಡಿಮೆ, ಹೊಸಬರನ್ನೂ ಹಳಬರನ್ನೂ ಚೆನ್ನಾಗಿ ಬೇರ್ಪಡಿಸುತ್ತದೆ, ಎಲ್ಲಿ ತಪ್ಪುತ್ತದೆಂದೂ ತೋರಿಸುತ್ತದೆ. ಮೊದಲ ಎರಡಕ್ಕೆ ಸರಿ ಹೇಳಿ ಮೂರನೆಯದಕ್ಕೆ ತಡಕಾಡುವವರು ನೋಡುತ್ತಾರೆ, ಊಹಿಸುವುದಿಲ್ಲ. ಮೊದಲನೆಯದೇ ಗೊತ್ತಿಲ್ಲದವರ ಕಣ್ಣು ಅಲ್ಲಿಗೆ ಹೋಗಿಯೇ ಇಲ್ಲ. ಹೊಸ ಚಾಲಕರ ನೋಟ ಗಾಡಿಯ ಹತ್ತಿರದಲ್ಲೇ, ಇಕ್ಕಟ್ಟಾದ ಜಾಗದಲ್ಲೇ ಸುತ್ತುತ್ತದೆ ಎಂದು 1972ರಲ್ಲೇ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಸಂಶೋಧಕರು ಅಮೆರಿಕದಲ್ಲಿ ಕಣ್ಣಿನ ಚಲನೆ ಅಳೆದು ತೋರಿಸಿದ್ದರು. ಇಲ್ಲಿಯೂ ಅದೇ: ಹೊಸಬರು ಬಾನೆಟ್ಟಿನ ತುದಿಯಿಂದ ಮುಂದಿನ ಹೊಂಡದವರೆಗೆ ನೋಡುತ್ತಾರೆ. ಹೊಂಡ ತಪ್ಪುತ್ತದೆ, ಅದರಾಚೆಯ ಮನುಷ್ಯ ತಪ್ಪಿಹೋಗುತ್ತಾನೆ.

ರಸ್ತೆಯ ಮೇಲೆ

ಟಿ.ವಿ. ಎದುರು ಚೆನ್ನಾಗಿ ಹೇಳಿದವರು ಸ್ಟೇರಿಂಗ್ ಹಿಡಿದಾಗ ಹಾಗೆಯೇ ನಡೆದುಕೊಳ್ಳುತ್ತಾರೆಂಬ ಭರವಸೆ ಇಲ್ಲ. ಮೂರನೆಯ ಪರೀಕ್ಷೆ ಗಾಡಿಯಲ್ಲೇ, ಪ್ರಯಾಣಿಕರಿಲ್ಲದೆ, ಅರ್ಧ ಗಂಟೆ. ಒಂದೇ ದಾರಿಯನ್ನು ಎಲ್ಲರಿಗೂ ಇಡಿ. ಬದಿಯಡ್ಕದಿಂದ ನೀರ್ಚಾಲು, ಸೀತಾಂಗೋಳಿ ಮೂಲಕ ಕುಂಬಳೆಗೆ ಇಳಿದು ಸ್ವಲ್ಪ ದೂರ ಹೆದ್ದಾರಿಯಲ್ಲಿ ಹೋಗುವ ದಾರಿ ಇದಕ್ಕೆ ಹೇಳಿ ಮಾಡಿಸಿದಂತಿದೆ: ಪೇಟೆ, ತಿರುವು, ಇಳಿಜಾರು, ಸರ್ವಿಸ್ ರಸ್ತೆ ಎಲ್ಲವೂ ಒಂದೇ ಓಟದಲ್ಲಿ ಸಿಗುತ್ತದೆ. ಮುಳ್ಳೇರಿಯ, ಆದೂರು ಕಡೆಯ ಗಾಡಿಗಳಿಗೆ ಚೆರ್ಕಳ–ಜಾಲ್ಸೂರು ರಸ್ತೆ ಇಟ್ಟುಕೊಳ್ಳಬಹುದು.

ಮೊದಲೇ ನೀವೊಮ್ಮೆ ಓಡಾಡಿ ಹತ್ತು ಜಾಗ ಗುರುತು ಹಾಕಿಕೊಳ್ಳಿ. ಶಾಲೆಯ ಗೇಟು, ಬರೆ ಮುಚ್ಚಿದ ತಿರುವು, ಬಸ್ ನಿಲ್ದಾಣ, ಆಟೋ ಸ್ಟ್ಯಾಂಡ್, ಕಿರುಸೇತುವೆ, ಗುಡ್ಡದಿಂದಿಳಿಯುವ ಮನೆದಾರಿ, ಪೇಟೆಯಲ್ಲಿ ಲಾರಿ ನಿಲ್ಲಿಸುವ ಬದಿ, ಮಳೆ ನೀರಿನ ಜೊತೆ ಕೆಂಪು ಮಣ್ಣು ಕೊಚ್ಚಿ ಬರುವ ಇಳಿಜಾರು, ಸರ್ವಿಸ್ ರಸ್ತೆ ಸೇರುವ ಬಾಯಿ, ಹಂಪ್. ಒಂದೊಂದಕ್ಕೆ 2 ಅಂಕ: ಮೊದಲೇ ಬಾಯಿಬಿಟ್ಟು ಹೇಳಿದರೆ 1, ಕಾಲು ಅಥವಾ ಕೈ ಅದಕ್ಕೆ ತಕ್ಕಂತೆ ಕೆಲಸ ಮಾಡಿದರೆ 1. ಎರಡನ್ನೂ ಎರಡು ಕಲಂನಲ್ಲಿ ಬೇರೆ ಬೇರೆ ಬರೆಯಿರಿ, ಒಟ್ಟು ಹಾಕಿ ಒಂದೇ ಅಂಕ ಮಾಡಬೇಡಿ. ಕಾರಣ ಆಮೇಲೆ ಬರುತ್ತದೆ.

ಚಾಲಕರು ಓಡಿಸುತ್ತಾ ತಮಗೆ ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತಾ ಹೋಗಬೇಕು: “ಎದುರು ಬಸ್ಸು, ಹಿಂದೆ ಬೈಕ್ ಉಂಟು, ಓವರ್‌ಟೇಕ್ ಮಾಡಬಹುದು, ನಾನು ಎಡಕ್ಕೆ ಇರ್ತೇನೆ.” ಇದು ಅಭ್ಯಾಸವಿಲ್ಲದವರಿಗೆ ಮುಜುಗರದ ಕೆಲಸ, ಮಾತಾಡುತ್ತಾ ಓಡಿಸುವುದೇ ಒಂದು ಭಾರ. ಮೊದಲು ನೀವು ಐದು ನಿಮಿಷ ಓಡಿಸಿ ಮಾತಾಡಿ ತೋರಿಸಿ. ಆಮೇಲೆ ಅವರ ಮೊದಲ ಐದು ನಿಮಿಷಕ್ಕೆ ಅಂಕ ಹಾಕಬೇಡಿ. ಪೇಟೆಯ ಇಕ್ಕಟ್ಟಿನಲ್ಲಿ ಮಾತು ನಿಂತರೆ ನಿಲ್ಲಲಿ, ಒತ್ತಾಯ ಬೇಡ, ಅಲ್ಲಿ ಓಡಿಸುವುದೇ ಮುಖ್ಯ.

ನೀವು ಎಡಗಡೆಯ ಸೀಟಿನಲ್ಲಿ ಕೂತು ನೋಡಬೇಕಾದ್ದು ರಸ್ತೆಗಿಂತ ಹೆಚ್ಚಾಗಿ ಅವರ ಬಲಗಾಲು. ಮಾತು ಕಲಿತು ಬರಬಹುದು, ಕಾಲು ಸುಳ್ಳು ಹೇಳುವುದಿಲ್ಲ. ಅಪಾಯ ಮೊದಲೇ ಕಂಡವರ ಕಾಲು ತಿರುವಿಗೆ ಬಹಳ ಮೊದಲೇ ಎಕ್ಸಲೇಟರಿನಿಂದ ಎದ್ದು ಬ್ರೇಕಿನ ಮೇಲೆ ಒತ್ತದೆ ಕಾಯುತ್ತದೆ. ಗಾಡಿ ತಿರುವು ಹೊಕ್ಕಾಗ ಹೊಟ್ಟೆಯೊಳಗೆ ಏನೂ ಅಲುಗುವುದಿಲ್ಲ. ತಡವಾಗಿ ಕಂಡವರು ತಿರುವಿನ ಒಳಗೆ ಹೋಗಿ ಬ್ರೇಕ್ ಹಾಕುತ್ತಾರೆ, ನಿಮ್ಮ ತಲೆ ಮುಂದಕ್ಕೆ ಬರುತ್ತದೆ. ಬಸ್ಸಿನಲ್ಲಿ ಕಾಲು ಕಾಣದಿದ್ದರೆ ಇಂಜಿನ್ನಿನ ಸದ್ದಿಗೆ ಕಿವಿಗೊಡಿ: ತಿರುವಿಗೆ ಮೊದಲು ಸದ್ದು ತಗ್ಗಿತೋ, ತಿರುವಿನಲ್ಲಿ ತಗ್ಗಿತೋ? ಡ್ಯಾಶ್‌ಬೋರ್ಡಿನ ಮೇಲೆ ಅರ್ಧ ತುಂಬಿದ ನೀರಿನ ಬಾಟಲಿ ಮಲಗಿಸಿಟ್ಟರೆ ಅದೂ ಹೇಳುತ್ತದೆ.

ಜೊತೆಗೆ ಮೂರು ಸಂಗತಿ ಗುರುತು ಮಾಡಿಕೊಳ್ಳಿ. ವೇಗ ತಗ್ಗಿಸುವ ಮೊದಲು ಕನ್ನಡಿ ನೋಡುತ್ತಾರೆಯೇ? ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ತಮ್ಮ ಗಾಡಿ ಅದನ್ನು ಮುಟ್ಟಲು ಎರಡು ಸೆಕೆಂಡ್, ಮಳೆಯಲ್ಲಿ ನಾಲ್ಕು ಸೆಕೆಂಡ್ ಅಂತರ ಇಡುತ್ತಾರೆಯೇ? ನೋಟ ಎಷ್ಟು ದೂರ ಹೋಗುತ್ತದೆ? ಇನ್ನು ಹನ್ನೆರಡು ಸೆಕೆಂಡಿನಲ್ಲಿ ತಾನು ತಲುಪುವ ಜಾಗದವರೆಗೆ ಕಣ್ಣು ಹೋಗಿ ಬರುತ್ತಿರಬೇಕು, 40ರ ವೇಗದಲ್ಲಿ ಅದು ಸುಮಾರು 130 ಮೀಟರ್. ನಮ್ಮ ತಿರುವುಗಳಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ ಎನ್ನಬಹುದು. ಕಾಣದಿದ್ದರೆ ಕಾಣುವಷ್ಟು ದೂರದಲ್ಲಿ ನಿಲ್ಲಿಸಬಹುದಾದ ವೇಗಕ್ಕೆ ಇಳಿಯಬೇಕು. ಒಣ ರಸ್ತೆಯಲ್ಲಿ 26 ಮೀಟರ್ ಕಾಣುವ ತಿರುವಿಗೆ 40ರ ವೇಗವೇ ಮಿತಿ. ಅದೇ ತಿರುವಿನಲ್ಲಿ ಮಳೆ ಬಂದರೆ 40ರಲ್ಲಿ ನಿಲ್ಲಲು 33 ಮೀಟರ್ ಬೇಕು, ಇನ್ನೂ ಇಳಿಯಬೇಕು. ಇಕ್ಕಟ್ಟಿನ ರಸ್ತೆಯಲ್ಲಿ ಎದುರಿನವರಿಗೂ ಅಷ್ಟೇ ದೂರ ಬೇಕೆಂಬುದನ್ನು ನೆನಪಿಟ್ಟುಕೊಂಡರೆ, ಕಾಣುವ ದೂರದ ಅರ್ಧದೊಳಗೇ ನಿಲ್ಲಿಸುವಂತಿರಬೇಕು.

ಅಂಕ ಓದುವುದು

ಈಗ ನಿಮ್ಮ ಕೈಯಲ್ಲಿ 50, 30, 20ರ ಮೂರು ಅಂಕಗಳಿವೆ. ಕೂಡಿಸಿ ನೂರಕ್ಕೆ ಇಷ್ಟು ಎಂದರೆ ಕೆಲಸ ಸುಲಭ, ಆದರೆ ತಿಳಿಯಬೇಕಾದ್ದು ಕಳೆದುಹೋಗುತ್ತದೆ. ಬ್ರಿಟನ್ನಿನ 44ನ್ನು ತಂದು ಇಲ್ಲಿ ಪಾಸ್ ಅಂಕ ಮಾಡುವುದೂ ಸರಿಯಲ್ಲ, ಅದು ಆ ಕ್ಲಿಪ್‌ಗಳಿಗೆ ನಿಗದಿಯಾದ ಅಂಕ. ಇದೇ ರಸ್ತೆಯಲ್ಲಿ ಹತ್ತು ವರ್ಷ ಅಪಘಾತವಿಲ್ಲದೆ ಓಡಿಸಿದ ಬೇರೆ ಐದು ಚಾಲಕರಿಗೆ, ಅವಧಿ ಗುರುತಿಸಿದ ಮೂವರಿಗಲ್ಲ, ಇದೇ ಪರೀಕ್ಷೆ ಕೊಡಿ. ಅವರಲ್ಲಿ ಅತಿ ಕಡಿಮೆ ಬಂದ ಅಂಕವೇ ನಿಮ್ಮ ಗೆರೆ. ಯಾವುದಾದರೂ ಕ್ಲಿಪ್ಪಿನಲ್ಲಿ ಆ ಐವರೂ ಸೋತರೆ ಚಾಲಕರ ತಪ್ಪಲ್ಲ, ಕ್ಲಿಪ್ ತೆಗೆದುಹಾಕಿ.

ಮೊದಲ ಪರೀಕ್ಷೆಯಲ್ಲಿ ಎಲ್ಲ ಕ್ಲಿಪ್ಪಿಗೂ 1, 2 ಬರುವವರ ನೋಟ ಹತ್ತಿರದಲ್ಲೇ ಸಿಕ್ಕಿಕೊಂಡಿದೆ. ಹಗಲಿನವುಗಳಿಗೆ 5, ರಾತ್ರಿ ಮತ್ತು ಮಳೆಯವುಗಳಿಗೆ ಸೊನ್ನೆ ಬಂದರೆ ಮತ್ತೊಮ್ಮೆ ಕಣ್ಣಿನ ತಪಾಸಣೆ ಬೇಕು. ಬಸ್ಸು, ಲಾರಿಗಳ ಅಪಾಯಕ್ಕೆ ಬೇಗ ತಟ್ಟಿ ನಡೆಯುವವರ ಅಪಾಯಕ್ಕೆ ತಡವಾಗಿ ತಟ್ಟುವವರಿದ್ದಾರೆ. ತನಗೆ ಪೆಟ್ಟಾಗುವ ಅಪಾಯ ಅವರಿಗೆ ಕಾಣುತ್ತದೆ, ತನ್ನಿಂದ ಪೆಟ್ಟಾಗುವ ಅಪಾಯ ಕಾಣುವುದಿಲ್ಲ. ಶಾಲೆಯ ವ್ಯಾನಿಗೆ ಇಂಥವರನ್ನು ತರಬೇತಿಯಿಲ್ಲದೆ ಹತ್ತಿಸಬೇಡಿ.

ಇನ್ನು ರಸ್ತೆಯ ಪರೀಕ್ಷೆಯ ಆ ಎರಡು ಕಲಂ. ಹೇಳಿದ್ದಕ್ಕೆ ಹತ್ತರಲ್ಲಿ 9, ಮಾಡಿದ್ದಕ್ಕೆ 3 ಎಂದು ಬಂದವರ ಅಪಾಯಪ್ರಜ್ಞೆಗೆ ಏನೂ ಆಗಿಲ್ಲ. ಕಂಡೂ ನಿಧಾನಿಸುವುದಿಲ್ಲ, ಅಷ್ಟೆ. ಅವರಿಗೆ ಇನ್ನಷ್ಟು ವಿಡಿಯೊ ತೋರಿಸಿ ಪ್ರಯೋಜನವಿಲ್ಲ. ಸಮಯಪಟ್ಟಿ ನೋಡಿ. ಎರಡು ಬಸ್ಸುಗಳ ನಡುವೆ ಮೂರು ನಿಮಿಷದ ಅಂತರ ಇಟ್ಟು, ತಡವಾದರೆ ಕಲೆಕ್ಷನ್ ಇಲ್ಲ ಎಂದರೆ ಕಾಲು ಎಕ್ಸಲೇಟರಿನಿಂದ ಏಳುವುದು ಹೇಗೆ? ಇಂಥ ಫಲಿತಾಂಶ ಬಂದಾಗ ತಿದ್ದಿಕೊಳ್ಳಬೇಕಾದವರು ಮಾಲಕರು. ಇದೇ ಕಾರಣಕ್ಕೆ ಪರೀಕ್ಷೆಯ ಅಂಕ ನೋಡಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಮೊದಲ ದಿನವೇ ಮಾತು ಕೊಡಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಒಮ್ಮೆ ಮಾತು ತಪ್ಪಿದರೆ ಮುಂದಿನ ಸಲ ಯಾರೂ ನಿಜವಾಗಿ ಪರೀಕ್ಷೆಗೆ ಕೂರುವುದಿಲ್ಲ.

ಕಲಿಸುವುದು, ಮತ್ತೆ ಅಳೆಯುವುದು

ಗೆರೆಗಿಂತ ಕೆಳಗಿರುವವರಿಗೆ ವಾರಕ್ಕೊಮ್ಮೆ ಹದಿನೈದು ನಿಮಿಷ ಸಾಕು. ಜಪಾನಿನ ಕಾರ್ಖಾನೆಗಳಲ್ಲಿ 1970ರ ದಶಕದಲ್ಲಿ ರೂಢಿಗೆ ಬಂದ ‘ಕಿಕೆನ್ ಯೋಚಿ’, ಅಂದರೆ ಅಪಾಯವನ್ನು ಮುಂದಾಗಿ ಅರಿಯುವ ಅಭ್ಯಾಸ, ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ರಸ್ತೆಯ ಒಂದೇ ಒಂದು ಫೋಟೊ ಮುಂದಿಟ್ಟು ನಾಲ್ಕೈದು ಚಾಲಕರು ಸುತ್ತ ಕೂರುತ್ತಾರೆ. ಮೊದಲ ಸುತ್ತಿನಲ್ಲಿ ಇಲ್ಲಿ ಏನೇನು ಅಪಾಯ ಅಡಗಿದೆ ಎಂದು ಒಬ್ಬೊಬ್ಬರೂ ಹೇಳುತ್ತಾರೆ, ಯಾರೂ ತಪ್ಪು ಎನ್ನುವಂತಿಲ್ಲ. ಎರಡನೆಯದರಲ್ಲಿ ಅವುಗಳಲ್ಲಿ ಅತಿ ಮುಖ್ಯವಾದದ್ದನ್ನು ಆರಿಸುತ್ತಾರೆ. ಮೂರನೆಯದರಲ್ಲಿ ನಾನಾದರೆ ಏನು ಮಾಡುತ್ತೇನೆಂದು ಹೇಳುತ್ತಾರೆ. ನಾಲ್ಕನೆಯದರಲ್ಲಿ ಎಲ್ಲರೂ ಸೇರಿ ಒಂದನ್ನು ನಿಶ್ಚಯಿಸುತ್ತಾರೆ, ‘ನಿಂತ ಬಸ್ಸು ದಾಟುವಾಗ ಅಡಿಗೆ ನೋಡುವುದು, ಇಪ್ಪತ್ತಕ್ಕಿಳಿಸುವುದು’ ಎಂಬಂತೆ. ಆ ವಾರ ಆ ಒಂದನ್ನು ಪಾಲಿಸುವುದು. ಹಿರಿಯ ಚಾಲಕರು ಇದರಲ್ಲಿ ಕೂರಲೇಬೇಕು. ಅವರಿಗೆ ಗೊತ್ತಿರುವುದನ್ನು ಯಾರೂ ಕೇಳಿಲ್ಲ, ಅಷ್ಟರಿಂದಲೇ ಕಿರಿಯರಿಗೆ ಅದು ದಾಟಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಅಳೆಯಿರಿ, ಬೇರೆ ಕ್ಲಿಪ್‌ಗಳಿಂದ. ಹಳೆಯವೇ ಆದರೆ ಬೆಳೆಯುವುದು ಬರೀ ನೆನಪು. ಒಂದೇ ಕಷ್ಟದ, 22ರ ಎರಡು ಗುಂಪು ಬೇಕಾದ್ದರಿಂದ ಆರಂಭದಲ್ಲೇ 44 ಕ್ಲಿಪ್ ಸಿದ್ಧ ಮಾಡಿಟ್ಟುಕೊಂಡರೆ ಉತ್ತಮ. ಮಳೆಗಾಲದ ಅಳತೆ ಬೇರೆಯೇ ಬೇಕು: ಶಾಲೆ ತೆರೆಯುವ ಜೂನ್ ಮೊದಲ ವಾರದ ಮಳೆಯಲ್ಲೇ ಕೊಡೆ ಹಿಡಿದ ಮಕ್ಕಳ ಚಿತ್ರ ತೆಗೆದು, ಎರಡನೇ ವಾರ ಚಾಲಕರನ್ನು ಕೂರಿಸಿ. ಹಿಂದಿನ ವರ್ಷದ ಬೇಸಿಗೆಯ ಅಂಕ ನೋಡಿಕೊಂಡು ಆ ತಿಂಗಳು ಗಾಡಿ ಕಳಿಸಬೇಡಿ.